ಹೊಲಿದ ಹಡಗು: ಕಟ್ಟುತ್ತ ಕಲಿಯುವ ವಿದ್ಯೆ

ಅರಬ್ಬೀ ಸಮುದ್ರದ ತೀರಗಳಲ್ಲಿ ಒಂದು ಕಾಲಕ್ಕೆ ಹಡಗುಗಳನ್ನು ಮೊಳೆ ಹೊಡೆಯದೆ ಹೊಲಿಯುತ್ತಿದ್ದರು. ಹಲಗೆಗಳ ಅಂಚಿಗೆ ರಂಧ್ರ ಕೊರೆದು, ತೆಂಗಿನ ನಾರಿನ ಹುರಿಯಿಂದ ಬಿಗಿದು, ಮರದ ರಾಳವನ್ನೂ ಮೀನೆಣ್ಣೆಯನ್ನೂ ಲೇಪಿಸುತ್ತಿದ್ದರು. ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಹೋರ್ಮುಜ್‌ನಲ್ಲಿ ಇಂತಹ ಹಡಗುಗಳನ್ನು ಕಂಡು, ಅವು ಅಪಾಯಕರವೆಂದು ಬರೆದನು. ಆದರೆ ಹೊಲಿದ ಒಡಲು ಅಲೆಯ ಹೊಡೆತಕ್ಕೆ ತುಸು ಬಾಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ ಎಂಬುದನ್ನು ಕಡಲವರು ಅನುಭವದಿಂದ ಬಲ್ಲವರಾಗಿದ್ದರು. ಮುಂದೆ ಮೊಳೆಯ ಹಡಗು, ಅನಂತರ ಉಕ್ಕಿನ ಹಡಗು ಬಂದು, ಹೊಲಿಗೆಯ ವಿದ್ಯೆ ಕೆಲವರ ಕೈಗಳಲ್ಲಿ ಮಾತ್ರ ಉಳಿಯಿತು.

ನಕಾಶೆಯಿಲ್ಲದ ವಿದ್ಯೆಯನ್ನು ಉಳಿಸುವುದೆಂತು? ಮತ್ತೊಮ್ಮೆ ಕಟ್ಟಿಯೇ ಉಳಿಸಬೇಕು. 1980ರಲ್ಲಿ ಟಿಮ್ ಸೆವೆರಿನ್ ಒಮಾನಿನ ಸೂರ್ ಪಟ್ಟಣದಲ್ಲಿ ‘ಸೋಹಾರ್’ ಹಡಗನ್ನು ಕಟ್ಟಿಸಿದಾಗ ಮರ ಮಲಬಾರಿನಿಂದ ಹೋಯಿತು, ಹೊಲಿಯುವವರು ಲಕ್ಷದ್ವೀಪದಿಂದ ಹೋದರು. ಆ ಹಡಗು 1981ರಲ್ಲಿ ಚೀನಾ ದೇಶವನ್ನು ಮುಟ್ಟಿತು.

ನಮ್ಮ ನೆರೆಯ ಗೋವೆಯಲ್ಲಿಯೂ ಇತ್ತೀಚೆಗೆ ಅಂತಹುದೇ ಕಾರ್ಯ ನಡೆಯಿತು. ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಹೋಡಿ ಇನ್ನೋವೇಷನ್ಸ್ ಸಂಸ್ಥೆಗಳು 2023ರ ಜುಲೈಯಲ್ಲಿ ಒಪ್ಪಂದ ಮಾಡಿಕೊಂಡವು. ಆಧಾರಕ್ಕೆ ಇದ್ದುದು ಅಜಂತೆಯ ಐದನೆಯ ಶತಮಾನದ ಒಂದು ವರ್ಣಚಿತ್ರ. ಕೇರಳದ ಹಿರಿಯ ಕುಶಲಿ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೆಲಸಗಾರರು ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು. ಮದ್ರಾಸಿನ ಐಐಟಿಯಲ್ಲಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಹಡಗು ‘ಕೌಂಡಿನ್ಯ’ವೆಂಬ ಹೆಸರಿನಿಂದ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಕನ್ನಡಿಗರು ಬಲ್ಲ ಗಂಡಭೇರುಂಡವಿದೆ.

ವಸ್ತುಸಂಗ್ರಹಾಲಯವು ಹಳೆಯ ಹಡಗಿನ ಆಕಾರವನ್ನು ಕಾಪಾಡಬಲ್ಲದು; ಹುರಿಯನ್ನು ಎಷ್ಟು ಬಿಗಿಯಬೇಕು, ಹಲಗೆ ಎಷ್ಟು ಬಾಗೀತು ಎಂಬ ಹದವನ್ನು ಕಾಪಾಡಲಾರದು. ಅದನ್ನು ಕಿರಿಯನು ಹಿರಿಯನ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಇದನ್ನು ಬರೆಯುವಾಗ ನಮಗೆ ಒಂದು ನೆನಪು ಕಾಡುತ್ತದೆ. ಕಾಸರಗೋಡಿನ ಕಡಲತಡಿಯ ಶಾಲೆಯಲ್ಲಿ ನಾವು ಪಾಠ ಹೇಳುತ್ತಿದ್ದಾಗ, ತಂದೆಯೊಡನೆ ದೋಣಿ ರಿಪೇರಿಗೆ ಹೋದ ಹುಡುಗರಿಗೆ ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದೆವು, ಮರುದಿನ ಗದರಿಸಿದೆವು. ಅಲ್ಲಿ ಏನು ಕಲಿತೆ ಎಂದು ಒಮ್ಮೆಯೂ ಕೇಳಲಿಲ್ಲ. ಶಾಲೆ ತಪ್ಪಬಾರದು, ನಿಜ. ಆದರೆ ಆ ಪ್ರಶ್ನೆಯನ್ನು ಕೇಳಬೇಕಾಗಿತ್ತು.

ಗಡಿನಾಡಿನ ನಮ್ಮ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಅದು ಸಮ್ಮೇಳನದ ವೇದಿಕೆಯಲ್ಲಷ್ಟೇ ಉಳಿಯದು. ಮನೆಯಲ್ಲಿ ಅಜ್ಜ ಅಜ್ಜಿಯರು ಆಡಬೇಕು, ಮೊಮ್ಮಕ್ಕಳು ತಪ್ಪುತ್ತ ತಿದ್ದಿಕೊಳ್ಳುತ್ತ ಆಡಿ ಕಲಿಯಬೇಕು.