ನಿಂತು ಹೆಸರು ಹೇಳುವ ಕರ್ತವ್ಯ: ಸಣ್ಣ ಡಿಕ್ಕಿಯ ಕಾನೂನಿನ ಚರಿತ್ರೆ

ಮುಂದೆ ಸಾಗುತ್ತಿರುವ ಅಥವಾ ಸಿಗ್ನಲ್ಲಿನಲ್ಲಿ ನಿಂತಿರುವ ವಾಹನದ ಬೆನ್ನಿಗೆ ಹಿಂದಿನ ವಾಹನ ಬಂದು ತಾಗುವುದನ್ನು ಹಿಂಬದಿ ಡಿಕ್ಕಿ ಎನ್ನುತ್ತಾರೆ. ಯಾರಿಗೂ ಗಾಯವಾಗದೆ, ಬಂಪರು ನೆಗ್ಗಿ, ಹಿಂದಿನ ದೀಪದ ಗಾಜು ಒಡೆದು ಮುಗಿಯುವ ಇಂಥ ಡಿಕ್ಕಿಗಳು ಕರ್ನಾಟಕದ ನಗರಗಳಲ್ಲಿ ದಿನನಿತ್ಯದ ಸಂಗತಿಯಾಗಿವೆ. ಅವು ಬಗೆಹರಿಯುವ ರೀತಿಯೂ ಎಲ್ಲರಿಗೂ ಪರಿಚಿತವೇ: ಚಾಲಕರಿಬ್ಬರೂ ಇಳಿಯುತ್ತಾರೆ, ದನಿ ಏರುತ್ತದೆ, ಹತ್ತು ಜನ ಸೇರುತ್ತಾರೆ, ಸೇರಿದವರಲ್ಲೇ ಒಬ್ಬಿಬ್ಬರು ಹಿರಿತನ ವಹಿಸಿ ಒಂದು ಮೊತ್ತ ಹೇಳುತ್ತಾರೆ, ಅಷ್ಟನ್ನು ಕೊಟ್ಟು ತೆಗೆದುಕೊಂಡು ಎರಡೂ ಗಾಡಿಗಳು ಹೊರಡುತ್ತವೆ. ಇದನ್ನು ಕಾನೂನಿನ ಬಗ್ಗೆ ಜನರಿಗಿರುವ ಉದಾಸೀನವೆಂದು ಹಳಿಯುವುದು ರೂಢಿಯಾಗಿದೆ. ಮೋಟಾರು ಕಾನೂನಿನ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ತೆರೆದು ನೋಡಿದರೆ ಈ ದೂರು ನಿಲ್ಲುವುದಿಲ್ಲ. ಸತ್ತವರ ಮತ್ತು ಗಾಯಗೊಂಡವರ ವಿಷಯದಲ್ಲಿ ಹಂತಹಂತವಾಗಿ ಸ್ಪಷ್ಟವಾಗುತ್ತ ಬಂದ ಕಾನೂನು ನೆಗ್ಗಿದ ತಗಡಿನ ಕಡೆಗೆ ಬಹಳ ಕಾಲ ತಿರುಗಿಯೂ ನೋಡಲಿಲ್ಲ. ಅದು ಖಾಲಿ ಬಿಟ್ಟ ಜಾಗದಲ್ಲಿ ರಸ್ತೆಯ ಪಂಚಾಯ್ತಿ ಬಂದು ಕುಳಿತಿತು.

ಎತ್ತಿನ ಗಾಡಿಯ ಕಾಲದಲ್ಲಿ ಈ ಸಮಸ್ಯೆಗೆ ಇಷ್ಟು ತೂಕವಿರಲಿಲ್ಲ. ಸಂತೆಗೆ ಸಾಲುಗಟ್ಟಿ ಹೋಗುವ ಗಾಡಿಗಳಲ್ಲಿ ಮುಂದಿನದು ನಿಂತರೆ ಹಿಂದಿನ ಎತ್ತುಗಳು, ಹೊಡೆಯುವವನು ತೂಕಡಿಸುತ್ತಿದ್ದರೂ, ತಾವಾಗಿಯೇ ನಿಲ್ಲುತ್ತಿದ್ದವು. ಒಂದು ವೇಳೆ ಮೂಕಿ, ಅಂದರೆ ನೊಗಕ್ಕೆ ಸೇರುವಂತೆ ಗಾಡಿಯಿಂದ ಮುಂಚಾಚಿದ ಮರ, ಮುಂದಿನ ಗಾಡಿಯ ಹಿಂಭಾಗಕ್ಕೆ ತಾಗಿದರೂ ನಷ್ಟವನ್ನು ಊರಿನ ಬಡಗಿಯೇ ಸರಿಪಡಿಸಬಹುದಾಗಿತ್ತು, ಮತ್ತು ಗಾಡಿ ಯಾರದೆಂಬುದು ಎತ್ತುಗಳನ್ನು ಕಂಡವರಿಗೆಲ್ಲ ತಿಳಿಯುತ್ತಿತ್ತು. ಮೋಟಾರು ಈ ಎರಡು ಅನುಕೂಲಗಳನ್ನೂ ಕಿತ್ತುಕೊಂಡಿತು. ತಾನಾಗಿ ನಿಲ್ಲುವ ಪ್ರಾಣಿ ಹೋಯಿತು. ಗುದ್ದಿದವನು ಯಾರೆಂದು ಮುಖ ನೋಡಿ ಹೇಳುವ ಊರೂ ಹೋಯಿತು. ಆದ್ದರಿಂದ ಮೋಟಾರು ಕಾನೂನು ಮಾಡಬೇಕಾದ ಮೊದಲ ಕೆಲಸ ಗುರುತು ಹಚ್ಚುವುದೇ ಆಗಿತ್ತು.

ಬ್ರಿಟನ್ನಿನ 1903ರ ಮೋಟಾರು ಕಾರು ಕಾಯ್ದೆ ಈ ಕೆಲಸವನ್ನು ಎರಡು ಕಡೆಯಿಂದ ಮಾಡಿತು. ಒಂದೆಡೆ ಅದು ಪ್ರತಿ ಕಾರಿಗೂ ನೋಂದಣಿ ಸಂಖ್ಯೆಯ ಫಲಕವನ್ನು ಕಡ್ಡಾಯಗೊಳಿಸಿತು. ಇನ್ನೊಂದೆಡೆ, ರಸ್ತೆಯಲ್ಲಿ ಕಾರು ಇದ್ದ ಕಾರಣದಿಂದ ಮನುಷ್ಯನಿಗಾಗಲಿ, ಕುದುರೆಗಾಗಲಿ, ಮತ್ತೊಂದು ವಾಹನಕ್ಕಾಗಲಿ ಅಪಘಾತ ಸಂಭವಿಸಿದರೆ ಚಾಲಕನು ನಿಲ್ಲಬೇಕು, ಕೇಳಿದರೆ ತನ್ನ ಮತ್ತು ಮಾಲೀಕನ ಹೆಸರು ವಿಳಾಸಗಳನ್ನು ಕೊಡಬೇಕು ಎಂದು ವಿಧಿಸಿತು. ಸಂಖ್ಯಾಫಲಕವೂ ಹೆಸರು ಹೇಳುವ ಕರ್ತವ್ಯವೂ ಒಂದೇ ಕಾಯ್ದೆಯ ಅವಳಿ ಮಕ್ಕಳು ಎಂಬುದನ್ನು ಮರೆಯಬಾರದು. ಇಂಡಿಯಾದ 1914ರ ಮೋಟಾರು ವಾಹನ ಕಾಯ್ದೆ ಇದೇ ಜಾಡಿನಲ್ಲಿ ನಡೆಯಿತು. ಅದು ಬ್ರಿಟಿಷ್ ಆಳ್ವಿಕೆಯ ಪ್ರಾಂತ್ಯಗಳ ಕಾಯ್ದೆಯಾದ್ದರಿಂದ ಇಂದಿನ ಕರ್ನಾಟಕದಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಕಡೆಗೂ, ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳ ಕಡೆಗೂ, ಕೊಡಗಿಗೂ ಸಲ್ಲುತ್ತಿತ್ತು. ಮೈಸೂರು ಸಂಸ್ಥಾನವೂ ನಿಜಾಮನ ಆಳ್ವಿಕೆಯ ಜಿಲ್ಲೆಗಳೂ ಅದರ ನೇರ ವ್ಯಾಪ್ತಿಯ ಹೊರಗಿದ್ದವು.

1939ರ ಜುಲೈ 1ರಂದು ಜಾರಿಗೆ ಬಂದ ಹೊಸ ಮೋಟಾರು ವಾಹನ ಕಾಯ್ದೆ ಈ ಕರ್ತವ್ಯವನ್ನು ಇನ್ನಷ್ಟು ಬಿಡಿಸಿ ಹೇಳಿತು. ಅದರ 87ನೆಯ ಕಲಂ ನಿಲ್ಲುವುದನ್ನು ಕುರಿತದ್ದು, 89ನೆಯದು ಗಾಯಾಳುವಿಗೆ ಚಿಕಿತ್ಸೆ ಒದಗಿಸಿ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದನ್ನು ಕುರಿತದ್ದು. ಈ ಎರಡೂ 1988ರ ಕಾಯ್ದೆಯಲ್ಲಿ 132 ಮತ್ತು 134ನೆಯ ಕಲಮುಗಳಾಗಿ ಇಂದಿಗೂ ಉಳಿದಿವೆ. 132ನೆಯ ಕಲಮನ್ನು ನಿಧಾನವಾಗಿ ಓದಿದರೆ ಹಳೆಯ ರಸ್ತೆಯೊಂದು ಕಣ್ಣೆದುರು ಬರುತ್ತದೆ. ತನ್ನ ಪ್ರಾಣಿ ವಾಹನಕ್ಕೆ ಬೆದರೀತೆಂದು ಅದನ್ನು ನಡೆಸುತ್ತಿರುವವನು ಕೇಳಿಕೊಂಡರೆ ಚಾಲಕನು ನಿಲ್ಲಿಸಬೇಕು. ಪ್ರಾಣಿ ಎಂದರೆ ಯಾವುದು ಎಂಬುದಕ್ಕೆ ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ ಎಂದು ಕಲಮೇ ಪಟ್ಟಿ ಕೊಡುತ್ತದೆ. ಅದೇ ಕಲಮಿನೊಳಗೆ, ಈ ಜಾನುವಾರುಗಳ ಜೊತೆಯಲ್ಲೇ, ಸಣ್ಣ ಡಿಕ್ಕಿಗೆ ಎಲ್ಲಕ್ಕಿಂತ ಹೆಚ್ಚು ಸಲ್ಲುವ ಮಾತೊಂದಿದೆ: ಅಪಘಾತದಿಂದ ಬಾಧಿತನಾದವನು ಕೇಳಿದಾಗ ಚಾಲಕನು ತನ್ನ ಮತ್ತು ವಾಹನದ ಮಾಲೀಕನ ಹೆಸರು ವಿಳಾಸಗಳನ್ನು ಕೊಡತಕ್ಕದ್ದು, ಆದರೆ ಕೇಳುವವನೂ ತನ್ನ ಹೆಸರು ವಿಳಾಸವನ್ನು ಕೊಡಬೇಕು. ಹೀಗೆ ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವ ಈ ನಿಯಮ ಮೋಟಾರು ಕಾನೂನಿನ ಅತ್ಯಂತ ಸಭ್ಯವಾದ ನಿಯಮಗಳಲ್ಲಿ ಒಂದು.

ಹೆಸರು ಸಿಕ್ಕಿತು, ಆದರೆ ಆ ಹೆಸರನ್ನು ಹಿಡಿದುಕೊಂಡು ನಷ್ಟ ಅನುಭವಿಸಿದವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಸುಲಭದ ಉತ್ತರವಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 279ನೆಯ ಕಲಂ ಅಜಾಗರೂಕ ಚಾಲನೆಯನ್ನು ಶಿಕ್ಷಿಸುತ್ತಿತ್ತಾದರೂ ಅದಕ್ಕೆ ಮನುಷ್ಯನ ಜೀವಕ್ಕೆ ಅಪಾಯವಾಗುವಂಥ ಅಥವಾ ಗಾಯವಾಗಬಹುದಾದಂಥ ಚಾಲನೆ ಇರಬೇಕಿತ್ತು. ಅದೇ ವಿಷಯ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಾಗಿದೆ. ಆಸ್ತಿಗೆ ಕೇಡು ಮಾಡುವ ಅಪರಾಧಕ್ಕೆ ಉದ್ದೇಶವಾದರೂ ಇರಬೇಕು, ಕೇಡಾಗುತ್ತದೆಂಬ ಅರಿವಾದರೂ ಇರಬೇಕು. ಗಮನ ತಪ್ಪಿ ಮುಂದಿನ ಕಾರಿಗೆ ತಾಗಿಸಿದವನಲ್ಲಿ ಈ ಎರಡೂ ಇರುವುದಿಲ್ಲ. ಹೀಗಾಗಿ ಬರೀ ನೆಗ್ಗು ಮಾಡಿದ ಡಿಕ್ಕಿ ಸಾಮಾನ್ಯವಾಗಿ ಅಪರಾಧದ ಹೊಸ್ತಿಲು ದಾಟುತ್ತಿರಲಿಲ್ಲ. ಉಳಿದದ್ದು ಸಿವಿಲ್ ನ್ಯಾಯಾಲಯದ ದಾವೆ ಮಾತ್ರ. ಒಂದು ಬಂಪರಿನ ಬೆಲೆಗೆ ನ್ಯಾಯಾಲಯದ ಶುಲ್ಕ ಕಟ್ಟಿ, ವಕೀಲರನ್ನು ಹಿಡಿದು, ವರ್ಷಗಟ್ಟಲೆ ಕಾಯುವುದು ಬುದ್ಧಿವಂತರು ಮಾಡುವ ಕೆಲಸವಾಗಿರಲಿಲ್ಲ. ಇನ್ನು ಪೊಲೀಸರು 279ನೆಯ ಕಲಮಿನಡಿ ಮೊಕದ್ದಮೆ ದಾಖಲಿಸಿಯೇ ಬಿಟ್ಟರೆ, ಅದು ಕಕ್ಷಿಗಳು ತಮ್ಮತಮ್ಮಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲದ್ದರಿಂದ, ಇಬ್ಬರಿಗೂ ಠಾಣೆ ಮತ್ತು ನ್ಯಾಯಾಲಯದ ಅಲೆದಾಟ ತಪ್ಪುತ್ತಿರಲಿಲ್ಲ. ಪೊಲೀಸರು ಬರುವ ಮುಂಚೆಯೇ ಮಾತು ಮುಗಿಸಿಬಿಡಬೇಕೆಂಬ ಆತುರದ ಮೂಲ ಇಲ್ಲಿದೆ.

ವಿಮೆಯ ಚರಿತ್ರೆಯೂ ಇದೇ ಕಥೆಯನ್ನು ಹೇಳುತ್ತದೆ. 1939ರ ಕಾಯ್ದೆಯ ಎಂಟನೆಯ ಅಧ್ಯಾಯ ಮೂರನೆಯ ವ್ಯಕ್ತಿಯ ವಿಮೆಯನ್ನು, ಅಂದರೆ ವಿಮೆ ಮಾಡಿಸಿದವನು ಮತ್ತು ವಿಮಾ ಕಂಪನಿ ಇಬ್ಬರನ್ನೂ ಬಿಟ್ಟು ಹೊರಗಿನವನಿಗೆ ಆಗುವ ಹಾನಿಯ ಹೊಣೆಗೆ ಮಾಡಿಸುವ ವಿಮೆಯನ್ನು, ಕಡ್ಡಾಯಗೊಳಿಸಿತಾದರೂ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಆಗಲೂ ಕಡ್ಡಾಯ ವಿಮೆ ಸಾವಿಗೆ ಮತ್ತು ಗಾಯಕ್ಕೆ ಸೀಮಿತವಾಗಿತ್ತು. 1956ರ ತಿದ್ದುಪಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿ, ಬಡವರ ಮನೆಯ ಗಾಯಾಳುವೂ ದೊಡ್ಡ ಖರ್ಚಿಲ್ಲದೆ ಪರಿಹಾರ ಕೇಳುವಂತೆ ಮಾಡಿದ್ದು ನಿಜಕ್ಕೂ ದೊಡ್ಡ ಸುಧಾರಣೆ. ಒಡೆದ ವಸ್ತುವಿನ ಸರದಿ ಬಂದದ್ದು 1969ರ ತಿದ್ದುಪಡಿಯಲ್ಲಿ. ಮೂರನೆಯವರ ಆಸ್ತಿಹಾನಿಗೆ ಕಡ್ಡಾಯ ವಿಮೆಯ ಮಿತಿ 2,000 ರೂಪಾಯಿ ಎಂದಾಯಿತು, ಮುಂದೆ ಅದು 6,000 ಆಯಿತು, 1988ರ ಕಾಯ್ದೆಯಲ್ಲೂ ಆ ಅಂಕಿ ಹಾಗೆಯೇ ಮುಂದುವರಿಯಿತು. ಇಂದು ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 7,50,000 ರೂಪಾಯಿಯವರೆಗೆ ಈ ರಕ್ಷಣೆ ಇರುತ್ತದೆ. ಆದರೂ ಮುಂದಿನ ಕಾರಿನವನು ಹಿಂದಿನವನ ವಿಮೆಯಿಂದ ಹಣ ಪಡೆಯಬೇಕಾದರೆ ನ್ಯಾಯಮಂಡಳಿಯ ಬಾಗಿಲಿಗೇ ಹೋಗಬೇಕಾದ್ದರಿಂದ, ಬಹುತೇಕರು ತಪ್ಪು ಯಾರದೇ ಇದ್ದರೂ ತಮ್ಮ ಸ್ವಂತ ಪಾಲಿಸಿಯ ಮೇಲೆಯೇ ರಿಪೇರಿ ಮಾಡಿಸಿಕೊಳ್ಳುತ್ತಾರೆ.

ಸ್ವಂತ ಪಾಲಿಸಿಯನ್ನು ಮುಟ್ಟುವುದಕ್ಕೂ ಒಂದು ಬೆಲೆಯಿದೆ. ವರ್ಷವಿಡೀ ಏನನ್ನೂ ಕೇಳದ ಮಾಲೀಕನಿಗೆ ಮರುವರ್ಷದ ಕಂತಿನಲ್ಲಿ ಕೊಡುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಎಂದು ಹೆಸರು. ಅದು ಮೊದಲ ವರ್ಷದ ನಂತರ ಶೇಕಡಾ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇಕಡಾ 50ಕ್ಕೆ ಏರುತ್ತದೆ, ಒಂದು ನೆಗ್ಗಿಗಾಗಿ ಹಣ ಕೇಳಿದರೆ ಸೊನ್ನೆಗೆ ಇಳಿಯುತ್ತದೆ. ಅಂಬಾಸಿಡರ್ ಕಾರಿನ ಕಾಲದಲ್ಲಿ ಈ ಲೆಕ್ಕ ಸರಳವಾಗಿತ್ತು. ಅದರ ಉಕ್ಕಿನ ಬಂಪರು ಸಣ್ಣ ಏಟಿಗೆ ಬಾಗುತ್ತಿರಲಿಲ್ಲ. ಹಿಂಬದಿಯ ಸಾಮಾನು ಇಡುವ ಜಾಗದ ಬಾಗಿಲು ನೆಗ್ಗಿದರೆ ಟಿಂಕರಿಂಗ್ ಅಂಗಡಿಯವನು ಒಳಗಿನಿಂದ ಕಬ್ಬಿಣದ ಅಚ್ಚು ಒತ್ತಿಹಿಡಿದು, ಹೊರಗಿನಿಂದ ಚಪ್ಪಟೆ ಸುತ್ತಿಗೆಯಲ್ಲಿ ಮೆಲ್ಲನೆ ಬಡಿದು, ಅಂಗೈಯನ್ನು ತಗಡಿನ ಮೇಲೆ ಸವರಿ ಉಬ್ಬುತಗ್ಗು ನೋಡಿ, ಪುಟ್ಟಿ ಬಳಿದು, ನೀರು ಹಾಕಿ ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಿದ್ದ. ಅವನ ಕೂಲಿ ಎಷ್ಟೆಂಬ ಅಂದಾಜು ರಸ್ತೆಯಲ್ಲಿ ಸೇರಿದ ಹತ್ತು ಜನರಲ್ಲಿ ಒಬ್ಬನಿಗಾದರೂ ಇರುತ್ತಿದ್ದುದರಿಂದಲೇ ಅಲ್ಲಿ ಹೇಳುವ ಮೊತ್ತ ನ್ಯಾಯವಾಗಿ ಕಾಣುತ್ತಿತ್ತು. ಪ್ಲಾಸ್ಟಿಕ್ ಬಂಪರು, ಅದರೊಳಗಿನ ಸೆನ್ಸರು, ಹಿಂಬದಿಯ ಕ್ಯಾಮೆರಾ ಬಂದ ಮೇಲೆ ಹೊರಗೆ ಗೀರಷ್ಟೇ ಕಂಡರೂ ಒಳಗೆ ಏನು ಮುರಿದಿದೆ ಎಂಬುದು ಗ್ಯಾರೇಜಿನಲ್ಲಿ ಬಿಚ್ಚಿದ ಮೇಲೆಯೇ ತಿಳಿಯುತ್ತದೆ. ರಸ್ತೆಯ ಪಂಚಾಯ್ತಿ ಈಗ ನಿಜವಾಗಿ ಸೋಲುತ್ತಿರುವುದು ಇಲ್ಲಿ.

ತಪ್ಪು ಯಾರದು ಎಂಬ ಬಗ್ಗೆ ಮಾತ್ರ ಕಾನೂನೂ ಜನಾಭಿಪ್ರಾಯವೂ ಬಹುಮಟ್ಟಿಗೆ ಒಂದೇ ಕಡೆ ಇವೆ. ಮುಂದಿನ ವಾಹನ ಇದ್ದಕ್ಕಿದ್ದಂತೆ ನಿಧಾನವಾದರೂ ನಿಂತರೂ ಡಿಕ್ಕಿಯಾಗದಷ್ಟು ಅಂತರವನ್ನು ಹಿಂದಿನವನು ಕಾಯ್ದುಕೊಳ್ಳಬೇಕೆಂದು 1989ರ ರಸ್ತೆ ನಿಯಮಾವಳಿಯ 23ನೆಯ ನಿಯಮ ಹೇಳಿತ್ತು; 2017ರ ಚಾಲನಾ ನಿಯಮಾವಳಿಯಲ್ಲೂ ಆ ಕರ್ತವ್ಯ ಮುಂದುವರಿದಿದೆ. ಸಾಕಷ್ಟು ಅಂತರ ಎಂದರೆ ಎಷ್ಟು ಎಂಬುದನ್ನು 1989ರ ನಿಯಮಾವಳಿ ಹೇಳಿರಲಿಲ್ಲ. ಟ್ರಕ್ಕಿನ ಹಿಂದೆ ಕೇವಲ 10–15 ಅಡಿ ದೂರದಲ್ಲಿ ಸಾಗುತ್ತಿದ್ದ ಮಾರುತಿ ಕಾರೊಂದು ಅದಕ್ಕೆ ಗುದ್ದಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಡುತ್ತ, ಅನುಕೂಲಕರ ಪರಿಸ್ಥಿತಿಯಲ್ಲಿ ಕನಿಷ್ಠ ಎರಡರಿಂದ ಮೂರು ಸೆಕೆಂಡುಗಳ ಅಂತರವಿರಬೇಕೆಂದು ಹೇಳಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಎಂದರೆ ಸುಮಾರು 22 ಮೀಟರು. 15 ಅಡಿ ಎಂದರೆ ನಾಲ್ಕೂವರೆ ಮೀಟರು. ಹಾಗೆಂದು ಹಿಂದಿನವನೇ ಯಾವಾಗಲೂ ತಪ್ಪಿತಸ್ಥನೆಂದು ಭಾವಿಸಬೇಕಾಗಿಲ್ಲ: ಮುಂದಿನ ಗಾಡಿಯ ಬ್ರೇಕ್ ದೀಪ ಕೆಟ್ಟಿದ್ದರೆ, ರಾತ್ರಿ ದೀಪವಿಲ್ಲದೆ ನಡುರಸ್ತೆಯಲ್ಲಿ ನಿಂತಿದ್ದರೆ, ನ್ಯಾಯಮಂಡಳಿ ಇಬ್ಬರ ತಪ್ಪನ್ನೂ ತೂಗಿ ಹೊಣೆಯನ್ನು ಪಾಲು ಹಾಕಬಲ್ಲದು.

ಸಾಕ್ಷ್ಯವನ್ನು ಉಳಿಸುವ ಕ್ರಮವೂ ಬದಲಾಗಿದೆ. ಅಪಘಾತದ ಸ್ಥಳವನ್ನು ಪಂಚರ ಎದುರು ಪರಿಶೀಲಿಸಿ ಬರೆಯುವ ದಾಖಲೆಗೆ ಮಹಜರು ಎಂದು ಹೆಸರು; ಅದು ಮುಗಿಯುವವರೆಗೆ ಗಾಡಿಯನ್ನು ಕದಲಿಸಬಾರದು, ಕದಲಿಸಲೇಬೇಕಾದರೆ ಚಕ್ರಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆಯಬೇಕು ಎಂಬ ರೂಢಿ ಬೆಳೆಯಿತು. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಹೆಸರಾದ ಮೋಟಾರು ವಾಹನ ನಿರೀಕ್ಷಕರ ವರದಿಯೂ ಇದರ ಜೊತೆಗೆ ಬೇಕಾಗುತ್ತಿತ್ತು. ಸಾವುನೋವಿನ ಪ್ರಕರಣಗಳಿಗೆ ಸರಿಯಾದ ಈ ಕ್ರಮವನ್ನು ಸಣ್ಣ ಡಿಕ್ಕಿಗೂ ಹೊಂದಿಸಿಕೊಂಡು ಎರಡು ಕಾರುಗಳು ಇಡೀ ರಸ್ತೆಯನ್ನು ಕಟ್ಟಿಹಾಕುವುದು ಈಗಲೂ ಕಾಣುತ್ತದೆ. ಎರಡೂ ಸಂಖ್ಯಾಫಲಕಗಳು, ತಾಗಿದ ಜಾಗ, ರಸ್ತೆಯಲ್ಲಿ ಗಾಡಿಗಳು ನಿಂತ ಭಂಗಿ ಕಾಣುವಂತೆ ಮೊಬೈಲಿನಲ್ಲಿ ನಾಲ್ಕಾರು ಚಿತ್ರ ತೆಗೆದ ಮೇಲೆ, ಯಾರಿಗೂ ಪೆಟ್ಟಾಗಿಲ್ಲವೆಂದು ಖಚಿತವಾದರೆ, ಗಾಡಿಗಳನ್ನು ಪಕ್ಕಕ್ಕೆ ತೆಗೆಯದೆ ಇರಲು ಕಾರಣವಿಲ್ಲ.

134ನೆಯ ಕಲಮು ಗಾಯಾಳು ಇದ್ದಾಗ ಮಾತ್ರವಲ್ಲದೆ ಮೂರನೆಯವರ ಆಸ್ತಿಗೆ ಹಾನಿಯಾದಾಗಲೂ ಅನ್ವಯಿಸುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಗಳೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ಮಾಹಿತಿ ಕೊಡಬೇಕೆಂಬುದು 1994ರ ತಿದ್ದುಪಡಿಯಲ್ಲಿ ಸೇರಿತು. ತಪ್ಪಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಇದೇ ಕಲಮಿನಲ್ಲಿ, ಗುಂಪಿನ ಕೋಪದಿಂದಾಗಿ ಸಾಧ್ಯವಾಗದ ಸಂದರ್ಭವನ್ನು ಬಿಟ್ಟು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಎಂಬ ಮಾತಿದೆ. ರಸ್ತೆಯಲ್ಲಿ ಸೇರುವ ಜನರನ್ನು ಸಂಸತ್ತು ಹೆಸರಿಸಿ ಬರೆದಿರುವುದು ಹೀಗೆ, ಭಯದ ಕಾರಣವಾಗಿ ಮಾತ್ರ. ಅದೇ ಜನ ಎಷ್ಟೋ ಸಲ ಜಗಳ ಬಿಡಿಸಿ ಇಬ್ಬರನ್ನೂ ಸಮಾಧಾನದಿಂದ ಕಳಿಸಿದ್ದಾರೆ ಎಂಬುದಕ್ಕೆ ಕಾಯ್ದೆಯ ಪುಟಗಳಲ್ಲಿ ಜಾಗ ಸಿಕ್ಕಿಲ್ಲ.

ಯುರೋಪಿನ ಹಲವು ದೇಶಗಳಲ್ಲಿ ಈ ಸಮಾಧಾನಕ್ಕೇ ಒಂದು ಕಾಗದದ ರೂಪ ಕೊಟ್ಟಿದ್ದಾರೆ. ಚಾಲಕರು ಕಾರಿನಲ್ಲೇ ಇಟ್ಟುಕೊಳ್ಳುವ ಸಮ್ಮತಿ ಹೇಳಿಕೆಯ ನಮೂನೆಯನ್ನು ಡಿಕ್ಕಿಯಾದ ಸ್ಥಳದಲ್ಲಿಯೇ ಇಬ್ಬರೂ ಸೇರಿ ತುಂಬಿ, ನಕ್ಷೆ ಬರೆದು, ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಸಹಿ ಮಾಡಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಾಗುವುದಿಲ್ಲ. ಅದರ ನಡುವಿನ ಹದಿನೇಳು ಸಂದರ್ಭಗಳ ಪಟ್ಟಿಯಲ್ಲಿ, ಒಂದೇ ದಿಕ್ಕಿನಲ್ಲಿ ಒಂದೇ ಸಾಲಿನಲ್ಲಿ ಹೋಗುವಾಗ ಮುಂದಿನ ವಾಹನದ ಹಿಂಭಾಗಕ್ಕೆ ತಾಗಿದ್ದು ಎಂಬುದಕ್ಕೂ ಒಂದು ಚೌಕವಿದೆ. ಹಣದ ಲೆಕ್ಕವನ್ನು ಆಮೇಲೆ ವಿಮಾ ಕಂಪನಿಗಳು ನೋಡಿಕೊಳ್ಳುತ್ತವೆ. ಕನ್ನಡದಲ್ಲಿ ಅಚ್ಚಾದ ಇಂಥ ಒಂದು ಹಾಳೆಯನ್ನು ಪ್ರತಿ ಪಾಲಿಸಿಯ ಜೊತೆ ವಿಮಾ ಕಂಪನಿಗಳು ಕೊಡಬೇಕು, ಸಾರಿಗೆ ಇಲಾಖೆ ಅದನ್ನು ಮಾನ್ಯ ಮಾಡಬೇಕು. ಅದಕ್ಕೆ ಬೇಕಾದ ಮೊದಲ ಸಾಲು, ಪರಸ್ಪರ ಹೆಸರು ವಿಳಾಸ ಕೊಡುವ ನಿಯಮ, 132ನೆಯ ಕಲಮಿನಲ್ಲಿ ಈಗಾಗಲೇ ಇದೆ.