ಸಂತೆಗೆ ಬಾರದ ಹುಳಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲಕ್ಕೂ ಕಟ್ಟಿನ ಲೆಕ್ಕ. ಹುಳಿ ರುಚಿಯ ಪುಲ್ಲಂಪುರಚಿ ಸೊಪ್ಪನ್ನು ಮಾತ್ರ ಕಟ್ಟು ಕಟ್ಟುವುದೇ ಕಷ್ಟ. ನೂಲಿನಂಥ ತೊಟ್ಟು, ಹೃದಯಾಕಾರದ ಮೂರು ಪುಟಾಣಿ ಎಲೆ, ಐದೆಸಳಿನ ಹಳದಿ ಹೂ, ಬಲಿತರೆ ಬೀಜ ಸಿಡಿಸುವ ಕಾಯಿ. ಕಿತ್ತ ಗಳಿಗೆಯಲ್ಲೇ ಬಾಡುತ್ತದೆ. ನೋಟಕ್ಕೆ ಕುದುರೆ ಮೆಂತೆಯ ತಂಗಿಯಂತಿದ್ದರೂ ನಿಜವಾದ ನೆಂಟಸ್ತಿಕೆ ಬಿಂಬುಳಿ, ಕಮರಾಕ್ಷಿಗಳ ಜೊತೆ. ಮಾರಾಟದ ದಾಖಲೆ ಕಾಣದೆಂದು ಇದು ಅಡುಗೆಮನೆಯ ಇತಿಹಾಸಕ್ಕೆ ಸೇರಿದ್ದಲ್ಲ ಎನ್ನುವುದು ಅವಸರದ ತೀರ್ಪು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಿತ್ತನೆ, ಇಳುವರಿ, ಕಂದಾಯಗಳನ್ನು ಊರೂರಿಗೂ ಬರೆದಿಟ್ಟ. ಯಾರೂ ಬಿತ್ತದ, ಕಂದಾಯ ಬೀಳದ ಸೊಪ್ಪಿಗೆ ಅಂಥ ಲೆಕ್ಕಪುಸ್ತಕದಲ್ಲಿ ಕಲಮೇ ಇರುವುದಿಲ್ಲ. ಅದರ ದಾಖಲೆಯನ್ನು ಹೆಸರಿನಲ್ಲಿ ಹುಡುಕಬೇಕು. ತಮಿಳರ ಪುಳಿಯಾರೈ, ತೆಲುಗರ ಪುಲಿಚಿಂತ, ನಮ್ಮ ಹುಳಿಸೊಪ್ಪು: ಮೂರೂ ಹೆಸರು ಹುಟ್ಟಿದ್ದು ನಾಲಗೆಯ ಮೇಲೆ. ತಿಂದು ನೋಡದೆ ಇಡಲಾಗದ ಹೆಸರುಗಳಿವು.

ಅಷ್ಟು ರುಚಿಯಿದ್ದರೆ ಬೆಳೆಯಲಿಲ್ಲವೇಕೆ ಎಂದು ಕೇಳಬಹುದು. ಬೆಳೆಯುವ ಅಗತ್ಯವೇ ಇರಲಿಲ್ಲ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾನೇ ಚಿಗುರುತ್ತಿತ್ತು. ಕಳೆ ಕೀಳುವ ಹೆಂಗಸರ ಮಡಿಲಿನಲ್ಲಿ ಅಣ್ಣೆ, ಗಣಿಕೆ, ಗೋಣಿಸೊಪ್ಪುಗಳ ಜೊತೆ ಬೆರಕೆ ಸೊಪ್ಪಾಗಿ ಮನೆಗೆ ಬಂದು ಸಾರಾಗುತ್ತಿತ್ತು. ಮಿಕ್ಕ ಹುಳಿಗೆ ವರ್ಷವಿಡೀ ಕೆಡದ ಹುಣಸೆಯಿತ್ತು. ಗಡಿಗೆಯಲ್ಲಿ ಕೂಡಿಡಬಹುದಾದ ಹುಳಿಯ ಎದುರು ಬಾಡುವ ಹುಳಿ ಪೇಟೆಯಲ್ಲಿ ಗೆಲ್ಲುವುದುಂಟೇ?

ಹಾಗಾದರೆ ಇದು ಬಡವರ ಹೊಟ್ಟೆಪಾಡಿನ ಸೊಪ್ಪು ಎನ್ನುವುದು ಇನ್ನೊಂದು ವಾದ. ಅರ್ಧ ನಿಜ. ಆದರೆ ಇದೇ ಗಿಡ ಸಂಸ್ಕೃತದಲ್ಲಿ ಚಾಂಗೇರಿ. ಚರಕಸಂಹಿತೆಯಲ್ಲಿ ಇದರ ರಸ ಹಾಕಿ ಕಾಯಿಸಿದ ಚಾಂಗೇರಿ ಘೃತವಿದೆ. ಆಯುರ್ವೇದಕ್ಕೆ 1908ರಿಂದಲೇ ಕಾಲೇಜು ಇರುವ ಮೈಸೂರಿನಲ್ಲಿ ಒಂದೇ ಎಲೆಗೆ ಬದುವಿನಲ್ಲಿ ಕಳೆಯೆಂದೂ ಔಷಧಶಾಲೆಯಲ್ಲಿ ದ್ರವ್ಯವೆಂದೂ ಎರಡು ಅಂತಸ್ತು. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನಕಾಯಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದ ತಂಬುಳಿಯನ್ನು ಬರಗಾಲದ ಊಟ ಎನ್ನಲು ಬಾಯಿ ಬರುವುದಿಲ್ಲ.

ಆಕ್ಸಲಿಕ್ ಆಮ್ಲದ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಸೊಪ್ಪಿನ ಹುಳಿಗೆ ಕಾರಣವೇ ಅದು ಮತ್ತು ಅದರ ಲವಣಗಳು. ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಇದು ಸಲ್ಲದು. ಆದರೆ ವಾಡಿಕೆಯ ಅಳತೆ ಒಂದು ಹಿಡಿ ಮೀರುತ್ತಿರಲಿಲ್ಲ. ಮಜ್ಜಿಗೆಯಲ್ಲಿರುವ ಕ್ಯಾಲ್ಸಿಯಂ, ಈ ಆಮ್ಲದ ಲವಣವಾದ ಆಕ್ಸಲೇಟನ್ನು ಕರುಳಿನಲ್ಲೇ ಒಂದಷ್ಟು ಕಟ್ಟಿಹಾಕುತ್ತದೆ. ಅಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿತ್ತೆಂದು ಬೀಗಬೇಕಿಲ್ಲ, ಅವರ ಪಾಕ ಅದಕ್ಕೆ ವಿರುದ್ಧವಾಗಿರಲಿಲ್ಲ ಎಂದರೆ ಸಾಕು. ಇಂದಿನ ತೊಡಕು ಬೇರೆ. ಹೊಲ ಬಡಾವಣೆಯಾದ ಮೇಲೆ ಸೊಪ್ಪು ಹೂಕುಂಡಕ್ಕೆ ಬಂತು. ಪಕ್ಕದಲ್ಲೇ ಗುಲಾಬಿ ಹೂವಿನ, ಅಮೆರಿಕ ಖಂಡದಿಂದ ಬಂದ ದೊಡ್ಡೆಲೆಯ ದಾಯಾದಿಯೂ ಬೇರುಬಿಟ್ಟಿದೆ. ಹಳದಿ ಹೂವಿನದನ್ನು ಗುರುತಿಸುವ ಕಣ್ಣು ಇದ್ದದ್ದು ಕಳೆ ಕೀಳುವವರಿಗೆ; ಈಗ ಕುಂಡ ಹಸನು ಮಾಡುವವರು ಎರಡನ್ನೂ ಒಟ್ಟಿಗೇ ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ.