ಗಾಜಿನ ಬೀರುವಿನ ಕಾಲನಿರ್ಣಯ

ನಮ್ಮ ಪ್ರಾಚೀನ ಕವಿಗಳ ಕಾಲವನ್ನು ಕುರಿತು ನಡೆದಷ್ಟು ವಾದವಿವಾದ ಕನ್ನಡದಲ್ಲಿ ಇನ್ನಾವ ವಿಷಯವನ್ನು ಕುರಿತೂ ನಡೆದಿರಲಾರದು. ಶಾಸನದ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಲೇಖನಿಗಳು ಕಾದಾಡಿದ್ದುಂಟು. ಆದರೆ ಆ ಕವಿಗಳ ಗ್ರಂಥಗಳನ್ನೇ ಜೋಡಿಸಿಡಲು ಗಾಜಿನ ಬೀರುವೊಂದನ್ನು ಕೊಳ್ಳಹೊರಟ ವಿದ್ವಾಂಸರು, ಅಂಗಡಿಯವನು "ಇನ್ನೂರು ವರ್ಷದ್ದು ಸ್ವಾಮಿ" ಎಂದೊಡನೆ ತಲೆದೂಗಿ ಹಣ ಎಣಿಸಿಬಿಡುತ್ತಾರೆ. ಮುಂಬಯಿಯ ಭೇಂಡಿ ಬಾಜಾರಿಗೆ ಸಮೀಪದ ಮಟನ್ ಸ್ಟ್ರೀಟ್, ಅಂದರೆ ಲೋಕವೆಲ್ಲ ಚೋರ್ ಬಾಜಾರ್ ಎಂದು ಕರೆಯುವ ಬೀದಿ, ಇಂಥ ಹಳೆಯ ಸಾಮಾನುಗಳಿಗೆ ಹೆಸರಾದದ್ದು. ಅಲ್ಲಿಗೆ ಹೋಗುವ ನಮ್ಮವರು ಮರವನ್ನು ತಟ್ಟಿ ನೋಡುತ್ತಾರೆ, ಕೆತ್ತನೆಯನ್ನು ಮೆಚ್ಚುತ್ತಾರೆ. ಗಾಜಿನ ಮೂಲಕ ಒಳಗನ್ನು ನೋಡುತ್ತಾರೆಯೇ ಹೊರತು ಗಾಜನ್ನು ನೋಡುವುದಿಲ್ಲ. ಬೀರುವಿನ ವಯಸ್ಸನ್ನು ಅರಿಯಲು ಮೊದಲು ವಿಚಾರಿಸಬೇಕಾದ ಸಾಕ್ಷಿ ಆ ಗಾಜೇ ಎಂಬುದು ಈ ಲೇಖನದ ಪ್ರತಿಪಾದ್ಯ.

ಮೊದಲು ಹೆಸರುಗಳನ್ನು ನೋಡೋಣ. ಬೀರು ಎಂಬುದು ಫ್ರೆಂಚರ 'ಬ್ಯೂರೋ' ನಮ್ಮ ಬಾಯಲ್ಲಿ ಸವೆದ ರೂಪ. ಅಲ್ಲಿ ಅದು ಬರೆಯುವ ಮೇಜು, ಇಲ್ಲಿ ಕದವುಳ್ಳ ಕಪಾಟು. ಅಲಮಾರು ಪೋರ್ಚುಗೀಸರ 'ಅರ್ಮಾರಿಯೊ'. ಗಾಜು ಎಂಬ ಮಾತು ಮಾತ್ರ ಸಂಸ್ಕೃತದ ಕಾಚದ ತದ್ಭವವಾಗಿ ನಮ್ಮಲ್ಲಿ ಬಹುಕಾಲದಿಂದ ನೆಲೆಸಿದೆ. ಬಳೆಗೂ ಮಣಿಗೂ ಬೇಕಾದ ಗಾಜು ನಮಗೆ ಗೊತ್ತಿತ್ತು. ಕದಕ್ಕೆ ಕೂರಿಸಬಹುದಾದ ಚಪ್ಪಟೆಯಾದ ಪಾರದರ್ಶಕ ಹಾಳೆ ಹಡಗಿನಲ್ಲಿ ಬಂದದ್ದು.

ಆ ಹಾಳೆಯನ್ನು ಮಾಡುತ್ತಿದ್ದ ಬಗೆಯನ್ನು ಅರಿತರೆ ಹಳೆಯ ಬೀರುವಿನ ರೂಪವೇ ಅರ್ಥವಾಗುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಉತ್ತಮವೆನಿಸಿದ್ದ ಕಿಟಕಿಯ ಗಾಜಿಗೆ 'ಕ್ರೌನ್' ಗಾಜೆಂದು ಹೆಸರು. ಕರಗಿದ ಗಾಜನ್ನು ಊದುಗೊಳವಿಯಿಂದ ಬುರುಡೆಯಾಗಿ ಊದಿ, ಅದನ್ನು ಕಬ್ಬಿಣದ ಸಲಾಕೆಗೆ ಅಂಟಿಸಿಕೊಂಡು, ಮತ್ತೆ ಕಾಯಿಸಿ ರಭಸದಿಂದ ತಿರುಗಿಸಿದರೆ ಬುರುಡೆ ಬಿಚ್ಚಿಕೊಂಡು ನಾಲ್ಕೈದು ಅಡಿ ಅಗಲದ ತಟ್ಟೆಯಾಗುತ್ತಿತ್ತು. ಸಲಾಕೆ ಅಂಟಿದ್ದ ನಡುವಿನಲ್ಲಿ ದಪ್ಪನೆಯ ಗಂಟು ಉಳಿಯುತ್ತಿತ್ತು. ಗಂಟನ್ನು ಬಿಟ್ಟು ಸುತ್ತಲಿನ ಭಾಗವನ್ನು ಕತ್ತರಿಸಿದರೆ ದೊರೆಯುತ್ತಿದ್ದುದು ಸಣ್ಣ ಸಣ್ಣ ಫಲಕಗಳೇ. ಗಂಟಿನ ತುಂಡು ಅಗ್ಗವಾಗಿ ಕೊಟ್ಟಿಗೆಯ ಕಿಟಕಿಗೆ ಹೋಗುತ್ತಿತ್ತು. ಈಗಿನ ಅಲಂಕಾರಪ್ರಿಯರು ಅದನ್ನೇ ಕೃತಕವಾಗಿ ಮಾಡಿಸಿ ಹೆಚ್ಚು ಬೆಲೆ ತೆತ್ತು ಕೂರಿಸಿಕೊಳ್ಳುವುದು ಕಾಲದ ವಿನೋದವೆನ್ನಬೇಕು.

ಅಚ್ಚಿನ ಮೇಜಿನ ಮೇಲೆ ಸುರಿದು, ಅರೆದು, ಹೊಳಪು ಕೊಟ್ಟ ದೊಡ್ಡ ಗಾಜು ಆಗ ಇರಲಿಲ್ಲವೆಂದಲ್ಲ. ಫ್ರಾನ್ಸಿನಲ್ಲಿ ಆ ವಿದ್ಯೆ ಹದಿನೇಳನೆಯ ಶತಮಾನದ ಕೊನೆಗೇ ಸಿದ್ಧಿಸಿತ್ತು. ಆದರೆ ಅದು ರಾಜರ ಕನ್ನಡಿಗೆ ತಕ್ಕ ಬೆಲೆಯದು. ಇದರ ಮೇಲೆ ಇಂಗ್ಲೆಂಡಿನ ಸರಕಾರ 1745ರಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕ ವಿಧಿಸಿತು. ತೂಕಕ್ಕೆ ಸುಂಕವೆಂದ ಮೇಲೆ ತೆಳುವಾದುದೇ ಲಾಭ. ಹೀಗಾಗಿ ಬಡಗಿಯು ಕದದಲ್ಲಿ ಮರದ ಸಣ್ಣ ಪಟ್ಟಿಗಳ ಜಾಲವನ್ನು ಹೆಣೆದು, ಒಂದೊಂದು ಕಂಡಿಯಲ್ಲಿ ಒಂದೊಂದು ತೆಳುಫಲಕವನ್ನು ಪುಟ್ಟಿಯಿಂದ ಕೂರಿಸಬೇಕಾಯಿತು. ಥಾಮಸ್ ಚಿಪೆಂಡೇಲನು 1754ರಲ್ಲಿ ಪ್ರಕಟಿಸಿದ ನಕ್ಷೆಗಳ ಗ್ರಂಥದಲ್ಲಿ ಪಿಂಗಾಣಿಯ ಪಾತ್ರೆಗಳನ್ನಿಡುವ ಗಾಜಿನ ಬೀರುಗಳಿವೆ. ಆ ಪಟ್ಟಿಗಳ ವಿನ್ಯಾಸವನ್ನು ನಾವು ಇಂದು ಬರಿಯ ಸೊಗಸೆಂದು ಮೆಚ್ಚುತ್ತೇವೆ. ಅಭಾವವನ್ನೇ ಅಲಂಕಾರವಾಗಿ ಮಾರ್ಪಡಿಸಿದ ಜಾಣ್ಮೆ ಅದು.

ಪಿಂಗಾಣಿಗಿಂತ ಮೊದಲು ಗಾಜಿನ ಕದದ ಹಿಂದೆ ಕುಳಿತದ್ದು ಪುಸ್ತಕವೆಂಬುದು ನಮ್ಮ ವಾಚಕರಿಗೆ ಸಂತೋಷದ ಸಂಗತಿ. ಲಂಡನಿನ ನೌಕಾ ಇಲಾಖೆಯ ಅಧಿಕಾರಿಯೂ ದಿನಚರಿಕಾರನೂ ಆದ ಸ್ಯಾಮ್ಯುಯೆಲ್ ಪೀಪ್ಸನು ಕುರ್ಚಿಗಳ ಮೇಲೆ ರಾಶಿಬೀಳುತ್ತಿದ್ದ ಪುಸ್ತಕಗಳಿಂದ ಬೇಸತ್ತು, 1666ರಲ್ಲಿ ಸಿಂಪ್ಸನ್ ಎಂಬ ಬಡಗಿಯಿಂದ ಗಾಜಿನ ಕದದ ಬೀರುಗಳನ್ನು ಮಾಡಿಸತೊಡಗಿದನು. ಇಂಥವುಗಳಲ್ಲಿ ಕಾಲ ಖಚಿತವಾಗಿ ತಿಳಿದಿರುವ ಅತ್ಯಂತ ಹಳೆಯ ಮಾದರಿಗಳ ಸಾಲಿಗೆ ಅವು ಸೇರುತ್ತವೆ. ಅವನ ಹನ್ನೆರಡು ಬೀರುಗಳೂ ಮೂರು ಸಾವಿರ ಸಂಪುಟಗಳೂ ಕೇಂಬ್ರಿಜಿನ ಮಾಡ್ಲಿನ್ ಕಾಲೇಜಿನಲ್ಲಿ ಇಂದಿಗೂ ಅವನ ಇಚ್ಛೆಯಂತೆ, ಪುಸ್ತಕಗಳ ಎತ್ತರದ ಕ್ರಮದಲ್ಲಿಯೇ, ನಿಂತಿವೆ. ಹಗಲೆಲ್ಲ ಕಚೇರಿಯ ಕಡತಗಳಲ್ಲಿ ಮುಳುಗಿ ಸಂಜೆ ಪುಸ್ತಕ ಸೇರಿಸುವವರಿಗೆ ಆತ ಪರಕೀಯನೆನಿಸಲಾರ.

ಹತ್ತೊಂಬತ್ತನೆಯ ಶತಮಾನದಲ್ಲಿ ಕದದ ಮುಖವೇ ಬದಲಾಯಿತು. 1832ರ ಸುಮಾರಿಗೆ ಚಾನ್ಸ್ ಸಹೋದರರು, ಗಾಜನ್ನು ಉದ್ದನೆಯ ಕೊಳವೆಯಾಗಿ ಊದಿ, ಸೀಳಿ, ಕಾಯಿಸಿ ಚಪ್ಪಟೆ ಮಾಡುವ ಸುಧಾರಿತ ಕ್ರಮವನ್ನು ಇಂಗ್ಲೆಂಡಿಗೆ ತಂದರು. 1845ರಲ್ಲಿ ಗಾಜಿನ ಸುಂಕ ರದ್ದಾಯಿತು. 1851ರ ಲಂಡನ್ ಮಹಾಪ್ರದರ್ಶನದ ಗಾಜಿನ ಅರಮನೆಗೆ ಇದೇ ಸಂಸ್ಥೆ ಮೂರು ಲಕ್ಷಕ್ಕೆ ಸಮೀಪದಷ್ಟು ಫಲಕಗಳನ್ನು ಒದಗಿಸಿತು. ದೊಡ್ಡ ಹಾಳೆ ಅಗ್ಗವಾದೊಡನೆ ಮರದ ಜಾಲದ ಆವಶ್ಯಕತೆ ತೀರಿತು. ಕದಕ್ಕೊಂದೇ ಗಾಜು ಬಂತು.

ಮುಂಬಯಿಯ ಸಿರಿವಂತಿಕೆ ಬೆಳೆದದ್ದೂ ಆ ಕಾಲದಲ್ಲಿಯೇ. ಚೀನಾ ವ್ಯಾಪಾರದಲ್ಲಿ ತೊಡಗಿದ ಪಾರಸಿ ಮನೆತನಗಳು ಪಿಂಗಾಣಿಯನ್ನು ತಂದವು. ಅದನ್ನಿಡಲು ಬೀರು ಬೇಕಾಯಿತು. ಇಲ್ಲಿಯ ಕುಶಲಕರ್ಮಿಗಳು ದಟ್ಟವಾದ ಕೆತ್ತನೆಯ 'ಬಾಂಬೆ ಬ್ಲ್ಯಾಕ್‌ವುಡ್' ಪೀಠೋಪಕರಣಗಳನ್ನು ಮಾಡತೊಡಗಿದರು. ಈ ಕರಿಮರವೆಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬೀಟೆ. ಪಶ್ಚಿಮಘಟ್ಟದ ಮಲೆಬಾರ ಮತ್ತು ಕೆನರಾ ಕಾಡುಗಳ ಮರ ಕಡಲ ಹಾದಿಯಲ್ಲಿ ಮುಂಬಯಿಗೆ ಬರುತ್ತಿತ್ತು. ಉತ್ತರ ಕನ್ನಡವಂತೂ 1862ರಲ್ಲಿ ಮುಂಬಯಿ ಪ್ರಾಂತಕ್ಕೇ ಸೇರಿತು. ಉದ್ಯೋಗವನ್ನರಸಿ ಈ ನಗರಕ್ಕೆ ಬಂದ ನಮಗಿಂತ ಮುಂಚೆಯೇ ನಮ್ಮ ಮರ ಇಲ್ಲಿ ನೆಲೆಯೂರಿತ್ತೆನ್ನಬಹುದು. ಗಾಜು ಮಾತ್ರ ವಿದೇಶದ್ದೇ. 1908ರಲ್ಲಿ ತಳೇಗಾಂವಿನಲ್ಲಿ ಆರಂಭವಾದ ಪೈಸಾ ಫಂಡ್ ಕಾರಖಾನೆಯಂಥ ಸ್ವದೇಶಿ ಸಾಹಸಗಳು ಚಿಮಣಿ, ಸೀಸೆಗಳತ್ತ ಗಮನಕೊಟ್ಟವು; ಚಪ್ಪಟೆ ಹಾಳೆ ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತಿತ್ತು. ಅಂಗಡಿಯವರು ಇಂದಿಗೂ ಕಂಡ ಗಾಜಿಗೆಲ್ಲ ಬೆಲ್ಜಿಯಂ ಎಂದು ಬಿರುದು ಕೊಡುವುದು ಆ ಕಾಲದ ನೆನಪು.

ಇನ್ನು ಪರೀಕ್ಷೆಯ ಮಾತು. ಬೀರುವಿನ ಪಕ್ಕಕ್ಕೆ ನಿಂತು, ಎದುರಿನ ಕಿಟಕಿಯ ಪ್ರತಿಬಿಂಬ ಗಾಜಿನಲ್ಲಿ ಹೇಗೆ ಬೀಳುತ್ತದೆಂದು ನೋಡಬೇಕು. ಕ್ರೌನ್ ಗಾಜಿನಲ್ಲಿ ಬಾಗಿದ ಅಲೆಗಳು ತೋರುತ್ತವೆ; ಕೊಳವೆಯ ಗಾಜಿನಲ್ಲಿ ಗುಳ್ಳೆಗಳು ಒಂದೇ ದಿಕ್ಕಿಗೆ ಉದ್ದವಾಗಿರುತ್ತವೆ. ಕಿಟಕಿಯ ಸರಳುಗಳು ಎಲ್ಲಿಯೂ ಸೊಟ್ಟಗಾಗದೆ ತೋರಿದರೆ ಎರಡು ಸಾಧ್ಯತೆಗಳುಂಟು. ಕಾಲಂಗುಲದಷ್ಟು ದಪ್ಪವಿದ್ದು ಅಂಚನ್ನು ಓರೆಯಾಗಿ ಅರೆದಿದ್ದರೆ ಅದು ಹಳೆಯ ಹೊಳಪುಗಾಜಾಗಿರಬಹುದು. ತೆಳುವಾಗಿದ್ದರೆ ಪ್ರಾಯಶಃ 'ಫ್ಲೋಟ್' ಗಾಜು. ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ಈ ವಿಧಾನವನ್ನು ಪಿಲ್ಕಿಂಗ್ಟನ್ ಸಂಸ್ಥೆ ಪ್ರಕಟಪಡಿಸಿದ್ದು 1959ರಲ್ಲಿ. ಕಿರುತರಂಗದ ನೇರಳಾತೀತ ದೀಪ ಹಿಡಿದರೆ ತವರ ಸೋಂಕಿದ ಮೈ ಹಾಲಿನಂತೆ ಮಿನುಗುವುದರಿಂದ ಸಂದೇಹವೂ ಉಳಿಯುವುದಿಲ್ಲ. ಕದದಲ್ಲಿ ಹದಿಮೂರು ಕಂಡಿಗಳಿದ್ದರೆ ಒಳಗಡೆ ಕೈಯಾಡಿಸಿ ನೋಡಬೇಕು. ಹಿಂದೆ ಒಂದೇ ಅಖಂಡ ಗಾಜಿದ್ದು ಮುಂದೆ ಪಟ್ಟಿಗಳನ್ನು ಅಂಟಿಸಿದ್ದರೆ, ಆ ಕದವನ್ನು ಚಿಪೆಂಡೇಲನ ಕಾಲಕ್ಕೆ ಒಯ್ಯುವ ಪ್ರಯತ್ನವನ್ನು ಅಲ್ಲಿಗೇ ಬಿಡುವುದು ಲೇಸು.

ಹಳೆಯ ಗಾಜು ಕಾಲಕ್ರಮದಲ್ಲಿ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗುತ್ತದೆಂದು ವಿದ್ಯಾವಂತರೂ ಹೇಳುವುದುಂಟು. ಇದು ನಿರಾಧಾರ. ಕೋಣೆಯ ಶಾಖದಲ್ಲಿ ಗಾಜು ಶತಮಾನಗಳಲ್ಲಿಯೂ ಕಣ್ಣಿಗೆ ಕಾಣುವಷ್ಟು ಹರಿಯುವುದಿಲ್ಲ. ಫಲಕದ ಒಂದಂಚು ಹುಟ್ಟಿನಿಂದಲೇ ದಪ್ಪ. ಕೂರಿಸುವವನು ಅದನ್ನು ಕೆಳಗಿಟ್ಟಿರಬಹುದು, ಮೇಲಿಟ್ಟಿರಲೂಬಹುದು.

ಆದರೆ ತರ್ಕದಲ್ಲಿ ಎಚ್ಚರ ಬೇಕು. ಓಲೆಯ ಪ್ರತಿಯ ಕಾಲವೇ ಕವಿಯ ಕಾಲವಲ್ಲವಷ್ಟೆ? ಹಾಗೆಯೇ ಗಾಜು ಹೊಸದಾದ ಮಾತ್ರಕ್ಕೆ ಬೀರು ಹೊಸದಾಗಲಿಲ್ಲ. ಕೆಡವಿದ ಮನೆಯ ಕಿಟಕಿಯಿಂದ ತಂದ ಹಳೆಯ ಗಾಜು ನಿನ್ನೆಯ ಮರದಲ್ಲಿಯೂ ಕುಳಿತಿರಬಹುದು. ಆಗ ಮರವನ್ನು ಕೇಳಬೇಕು. ಮೊನಚು ತುದಿಯ ತಿರುಪುಮೊಳೆ 1840ರ ದಶಕದ ಅನಂತರ ಬಳಕೆಗೆ ಬಂದದ್ದು. ಮೇಲರ್ಧ ಕೆಳರ್ಧಗಳ ಹಿಂಬದಿಯ ಹಲಗೆಗಳು ಒಂದನ್ನೊಂದು ಹೋಲದಿದ್ದರೆ ಎರಡು ಬೀರುಗಳಿಗೆ ಮದುವೆ ಮಾಡಲಾಗಿದೆಯೆಂದು ತಿಳಿಯಬೇಕು.

ಈ ವಿಚಾರ ಬರಿಯ ಪಾಂಡಿತ್ಯವಲ್ಲ. ನೂರು ವರ್ಷಕ್ಕೆ ಮೇಲ್ಪಟ್ಟ ಕಲಾಕುಶಲ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯಲು 1972ರ ಪುರಾವಸ್ತು ಕಾಯಿದೆ ಅವಕಾಶ ಕೊಡುವುದಿಲ್ಲ. ಮಕ್ಕಳು ಪರದೇಶದಲ್ಲಿರುವವರು ಇದನ್ನು ನೆನಪಿಡಬೇಕು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ರಿಪೇರಿಯ ಹೆಸರಿನಲ್ಲಿ ಬಡಗಿ ಮೊದಲು ಕಿತ್ತೆಸೆಯುವುದೇ ಅಲೆಯಲೆಯಾದ ಗಾಜನ್ನು, ಗ್ರಾಹಕನ ಒಪ್ಪಿಗೆಯಿಂದಲೇ. ಮರಕ್ಕೆ ಹೊಳಪು ಕೊಟ್ಟರೆ ಪುನಃ ಕೆರೆಯಬಹುದು. ಎಸೆದ ಗಾಜು ಮರಳಿ ಬರುವುದಿಲ್ಲ, ಅದರೊಡನೆ ಬೀರುವಿನ ಜಾತಕವೂ ಹೋಗುತ್ತದೆ. ಆದಕಾರಣ ಕೆಲಸಕ್ಕೆ ಕೊಡುವಾಗ ಗಾಜನ್ನು ಮುಟ್ಟಕೂಡದೆಂದು ಬರೆದುಕೊಡುವುದು ಒಳ್ಳೆಯದು.

ಮುಂಬಯಿಯ ಮಳೆಗಾಲದಲ್ಲಿ ಗಾಜಿನ ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ಬಿಸಿಲು ಬಂದ ದಿನ ಕದಗಳನ್ನು ತೆರೆದಿಡಬೇಕು. ಹಿಂಬದಿಯ ಹಲಗೆಗಳ ಸಂದುಗಳನ್ನು ಮುಚ್ಚಿಸಬಾರದು, ಬೀರು ಉಸಿರಾಡುವುದು ಅಲ್ಲಿಂದ. ಫಲಕವೊಂದು ಒಡೆದೇ ಹೋದರೆ, ಕೆಡವಿದ ಮನೆಗಳ ಸಾಮಾನು ಮಾರುವವರಲ್ಲಿ ಹಳೆಯ ಕಿಟಕಿಯ ಗಾಜನ್ನು ಹುಡುಕಿ, ಅಳತೆಗೆ ಕೊಯ್ಯಿಸಿ ಕೂರಿಸಬಹುದು. ಹಾಗೆ ಮಾಡಿದಾಗ ಯಾವ ಕಂಡಿಯ ಗಾಜನ್ನು ಯಾವ ವರ್ಷ ಬದಲಿಸಲಾಯಿತೆಂದು ಒಂದು ಚೀಟಿ ಬರೆದು ಕದದ ಒಳಮೈಗೆ ಅಂಟಿಸಿಡತಕ್ಕದ್ದು.